ದುಃಖತಪ್ತರ ಪಟ್ಟಿ

ಬೆಳಗಿನ ಆರಕ್ಕೆ ದರಿಂಕಾಳ ತಾಯಿ ಸ್ತಾನಾ ತೀರಿಕೊಂಡಳು. ಒಂಬತ್ತರ ಹೊತ್ತಿಗೆ ದರಿಂಕಾ ಹೆಣದ ಮೈ ತೊಳೆದು, ಕರಿಯ ಉಡುಪು ತೊಡಿಸಿ, ಶವಪೆಟ್ಟಿಗೆಗೆ ಹೇಳಿ, ಪಾದ್ರಿಗೆ ಫೋನು ಮಾಡಿ, ಎರಡು ದಿನ ಕೆಲಸಕ್ಕೆ ಬರುವುದಿಲ್ಲವೆಂದು ಬೇಕರಿಯವರಿಗೆ ತಿಳಿಸಿ ಆಗಿತ್ತು. ಬಗೆಹರಿಯದೆ ಉಳಿದದ್ದು ಎರಡು ಹೆಸರು.

ಆ ಎರಡು ಹೆಸರು ಹಿಡಿದುಕೊಂಡೇ ಅವಳು ಮಿಯಾತನ ಮುದ್ರಣದಂಗಡಿಯಲ್ಲಿ ನಿಂತಿದ್ದಳು. ಗ್ರಾಬೊವಿಕ್‌ನಲ್ಲಿ ಯಾರು ಸತ್ತರೂ ಮಧ್ಯಾಹ್ನದೊಳಗೆ ಅವರ ಸಾವಿನ ಚೀಟಿ ಊರಿನ ಕಂಬಗಳ ಮೇಲೆ, ಮರಗಳ ಮೇಲೆ ಕಾಣಬೇಕು. ಕಪ್ಪು ಅಂಚು, ಮೇಲೊಂದು ಶಿಲುಬೆ, ಸತ್ತವರ ಫೋಟೋ, ಕೆಳಗೆ ದುಃಖತಪ್ತರ ಪಟ್ಟಿ. ಜನ ಫೋಟೋ ಬಿಟ್ಟು ಮೊದಲು ಪಟ್ಟಿಯನ್ನೇ ಓದುತ್ತಾರೆ. ಯಾರ ಹೆಸರು ಮೊದಲು, ಯಾರದು ಆಮೇಲೆ, ಯಾರದು ಇಲ್ಲವೇ ಇಲ್ಲ. ಪಟ್ಟಿಯಲ್ಲಿದ್ದ ಗಂಡಸರು ಮರುದಿನ ಸ್ಮಶಾನದ ಚಿಕ್ಕ ಚರ್ಚಿನ ಮುಂದೆ ಅದೇ ಸಾಲಿನಲ್ಲಿ ನಿಂತು, ಬಂದವರೆಲ್ಲರ ಕೈ ಹಿಡಿಯಬೇಕು. ಹೆಸರು ಬಿಟ್ಟರೆ, ಅವನು ಈ ಮನೆಯ ಮಗನಲ್ಲ ಎಂದು ಊರಿಗೆಲ್ಲ ಸಾರಿದಂತೆ.

ಮಿಯಾತ್ ಹಣೆಯ ಮೇಲಿದ್ದ ಕನ್ನಡಕ ಮೂಗಿಗಿಳಿಸಿ ಅವಳು ಬರೆದು ತಂದದ್ದನ್ನು ನೋಡಿದ. "'ಗಂಡುಮಕ್ಕಳು' ಅಂತ ಬರೆದು ಮುಂದೆ ಖಾಲಿ ಬಿಟ್ಟಿದೀಯಲ್ಲಮ್ಮ."

"ಕೇಳ್ಕೊಂಡು ಬರಬೇಕು."

"ಹನ್ನೊಂದಕ್ಕೆ ಕರೆಂಟು ಹೋಗುತ್ತೆ. ಅಷ್ಟರೊಳಗೆ ಬಾ." ಅವನು ದನಿ ತಗ್ಗಿಸಿದ. "ಇಲ್ಲಾಂದ್ರೆ ಒಂದು ಮಾತು. ಎರಡು ಥರ ಹಾಕಿಕೊಡ್ಲಾ? ಹೊಳೆಯ ಈ ದಡಕ್ಕೆ ನಿನ್ನ ತಮ್ಮ ವಿದೋಯೆ ಹೆಸರಿಂದು, ಆ ದಡಕ್ಕೆ ನಿಮ್ಮಣ್ಣ ರಾದಿಸಾವ್ ಹೆಸರಿಂದು. ಸೇತುವೆ ದಾಟೋರೇ ಇಲ್ಲ ಈಗ, ಯಾರಿಗೆ ಗೊತ್ತಾಗುತ್ತೆ? ಮೊನ್ನೆ ಒಂದು ಮನೆಯೋರಿಗೆ ಮಾಡಿಕೊಟ್ಟೆ."

ತಮಾಷೆಗೆ ಹೇಳಿದ್ದಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು. ದರಿಂಕಾಗೆ ಒಂದು ಗಳಿಗೆ ಅದು ಸರಿಯೆಂದೇ ತೋರಿತು. ಆ ಕ್ಷಣಕ್ಕೆ ಎಂಥ ನೆಮ್ಮದಿ.

"ಅಮ್ಮ ಸತ್ತಿದ್ದು ಒಂದೇ ಸಲ, ಮಿಯಾತಣ್ಣ," ಎಂದು ಹೊರಗೆ ಬಂದಳು.

ಸೇತುವೆ ಮುಚ್ಚಿ ಅಂದಿಗೆ ಒಂಬತ್ತು ದಿನ. ಊರು ಆರಿಸಿದ ಪುರಸಭೆಯನ್ನು ರಾಜಧಾನಿಯವರು ಒಂದು ಕಾಗದದಲ್ಲಿ ವಜಾ ಮಾಡಿದ್ದರು. ಅಂದಿನಿಂದ ಈ ತುದಿಯಲ್ಲಿ ಪ್ರತಿಭಟನೆಗೆ ಕೂತ ಊರವರ ಟೈರು, ಟ್ರಾಕ್ಟರು, ಡೇರೆ. ಆ ತುದಿಯಲ್ಲಿ ಗುರಾಣಿ ಹಿಡಿದ ಪೊಲೀಸರ ಸಾಲು. ಈ ತುದಿಯಲ್ಲಿ ದರಿಂಕಾಳ ತಮ್ಮ ವಿದೋಯೆ, ಭೂಗೋಳದ ಮೇಷ್ಟ್ರು. ಆ ತುದಿಯಲ್ಲಿ ಅಣ್ಣ ರಾದಿಸಾವ್, ಊರ ಠಾಣೆಯ ಪೊಲೀಸ್. ದಿನವಿಡೀ ಎದುರುಬದುರು ನಿಂತಿದ್ದರೂ ಇಬ್ಬರ ನಡುವೆ ಮಾತಿಲ್ಲ.

ವಿದೋಯೆ ಡೇರೆಯ ಹಿಂದೆ ಹುರುಳಿ ಸಾರಿನ ಹಂಡೆಯ ಮುಂದೆ ಕೂತಿದ್ದ. ಕಣ್ಣು ಕೆಂಪಗಿತ್ತು. ಅಕ್ಕನನ್ನು ಕಂಡು ಎದ್ದ.

"ಅವನ ಹೆಸರಿದ್ರೆ ನನ್ನದು ತೆಗೆದುಬಿಡು ಅಕ್ಕ. ಆ ದಡದ ಸ್ಮಶಾನಕ್ಕೆ ಶವ ದಾಟಿಸೋಕೆ ದಾರಿ ಬಿಡ್ತೀವಿ, ಅದು ಬೇರೆ ಮಾತು. ನಮ್ಮ ಮೇಲೆ ಜಲಫಿರಂಗೀಲಿ ನೀರು ಬಿಟ್ಟೋನ ಪಕ್ಕ ನಿಂತ್ಕೊಂಡು ಕೈ ಕುಲುಕೋದು ನನ್ನಿಂದಾಗಲ್ಲ."

"ನೀರು ಬಿಟ್ಟಿದ್ದು ರಾಜಧಾನಿಯಿಂದ ಬಂದೋರು."

"ಪಕ್ಕದಲ್ಲೇ ನಿಂತಿದ್ನಲ್ಲ."

"ನೀನು ಐದನೇ ಕ್ಲಾಸಲ್ಲಿ ಹೊಳೆಗೆ ಬಿದ್ದಾಗಲೂ ಪಕ್ಕದಲ್ಲೇ ನಿಂತಿದ್ದ. ಹಾರಿ ಎಳ್ಕೊಂಡ."

"ಅದನ್ನ ಇನ್ನೂ ಎಷ್ಟು ವರ್ಷ ಹೇಳ್ತೀಯ?" ವಿದೋಯೆ ಸೌಟಿನಿಂದ ಸಾರು ತಿರುವಿದ. ತಿರುವುತ್ತಲೇ ಕೇಳಿದ: "ಕೊನೇಲಿ ಅಮ್ಮ ನನ್ನ ಕೇಳಿದ್ಲಾ?"

"ಇಬ್ರನ್ನೂ ಕೇಳಿದ್ಲು."

ಅವನು ಬೆನ್ನು ತಿರುಗಿಸಿದ.

ದರಿಂಕಾ ಟೈರುಗಳ ನಡುವೆ ಸಿಕ್ಕಿಕೊಂಡ ಕರಿಯ ಕೋಟಿನ ಅಂಚನ್ನು ಬಿಡಿಸಿಕೊಳ್ಳುತ್ತ ಸೇತುವೆ ಹತ್ತಿದಳು. ಹಿಂದಿನಿಂದ ಸೀಟಿಗಳ ಸದ್ದು, ಸುಟ್ಟ ರಬ್ಬರಿನ ನಾತ. ನಡು ಸೇತುವೆಯಲ್ಲಿ ಫೋನು ಹೊಡೆದುಕೊಂಡಿತು. ಮಗಳು.

"ಅಮ್ಮ, ಇವತ್ತೂ ಶಾಲೆ ಇಲ್ವಂತೆ. ತಿನ್ನೋಕೆ ಏನಿದೆ?"

"ಮೊಸರಿದೆ, ಬ್ರೆಡ್ಡಿದೆ. ತಿಂದು ಅಜ್ಜಿ ಪಕ್ಕ ಹೋಗಿ ಕೂತ್ಕೋ. ಒಬ್ಬಳನ್ನೇ ಬಿಡಬಾರದು."

ಗುರಾಣಿಗಳ ಸಾಲಿನಲ್ಲಿ ಒಬ್ಬ ಅಪರಿಚಿತ ಹುಡುಗ, "ನಿಲ್ಲಿ ಅಮ್ಮಾವ್ರೆ," ಎಂದ. ಪಕ್ಕದವನು, "ಬಿಡೋ, ರಾದಿಸಾವ್ ತಂಗಿ. ಅವರ ತಾಯಿ ಹೋದ್ರು," ಎಂದು ಗುರಾಣಿ ಓರೆ ಮಾಡಿದ.

ರಾದಿಸಾವ್ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಬಂದ. ತಾಯಿ ಹೋದ ಸುದ್ದಿ ಬಂದಾಗಲೂ ಅವನಿಗೆ ಪಾಳಿ ಬಿಡಿಸಿರಲಿಲ್ಲ. ಸಂಜೆಗೆ ಬದಲಿ ಕಳಿಸುತ್ತೇವೆ ಎಂದಿದ್ದರಂತೆ. ಅವಳು ಬಾಯಿ ತೆರೆಯುವ ಮೊದಲೇ ಅವನು ಹೇಳಿದ: "ನನ್ನ ಹೆಸರು ಹಾಕಬೇಡ."

ಇದನ್ನು ಅವಳು ಎಣಿಸಿರಲಿಲ್ಲ. "ಯಾಕಣ್ಣ?"

"ಅರ್ಧ ಊರು ಅವನ ಕಡೆ. ಬರ್ತಾರೆ, ನನ್ನ ದಾಟ್ಕೊಂಡು ಹೋಗಿ ಅವನ ಕೈ ಹಿಡೀತಾರೆ. ಅಮ್ಮನ ಪೆಟ್ಟಿಗೆ ಮುಂದೆ ನಾನು ಕೈ ಚಾಚ್ಕೊಂಡು ನಿಂತಿದ್ದು, ಯಾರೂ ಹಿಡೀದೆ ಹೋದ್ರೆ..." ಅವನು ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡುವವನಂತೆ ಎಳೆದ.

"ಹಿರಿಯ ಮಗ ನೀನು."

"ಅದಕ್ಕೇ ಹೇಳ್ತಿರೋದು."

ಹಿಂದಿರುಗುವಾಗ ಹತ್ತೂಮುಕ್ಕಾಲು. ವಿದೋಯೆ ಅಣ್ಣನನ್ನು ತೆಗೆ ಅನ್ನುತ್ತಾನೆ, ಅಣ್ಣ ತನ್ನನ್ನೇ ತೆಗೆ ಅನ್ನುತ್ತಾನೆ. ಇಬ್ಬರ ಮಾತಿಗೂ ಒಪ್ಪುವ ಒಂದೇ ಪಟ್ಟಿಯಿದೆ, ಅದರಲ್ಲಿ ರಾದಿಸಾವ್ ಇರುವುದಿಲ್ಲ. ಎಷ್ಟು ಸುಲಭ. ನಾಳೆ ಅಮ್ಮನನ್ನು ಹಿರಿಯ ಮಗನಿಲ್ಲದೆ ಮಣ್ಣು ಮಾಡುವುದು, ನಾಡಿದ್ದಿನಿಂದ ಸಾಯುವವರೆಗೆ ಎರಡು ಮನೆ ನಡುವೆ ತಾನೊಬ್ಬಳೇ ಓಡಾಡುವುದು. ದರಿಂಕಾಳ ಕಾಲುಗಳು ಅವಳಿಗಿಂತ ಮುಂದೆ ಓಡುತ್ತಿದ್ದವು.

"ಬರ್ಕೊಳ್ಳಿ," ಎಂದಳು ಅಂಗಡಿಯ ಬಾಗಿಲಲ್ಲೇ. "ಗಂಡುಮಕ್ಕಳು ರಾದಿಸಾವ್, ವಿದೋಯೆ. ಇದೇ ಕ್ರಮದಲ್ಲಿ."

ಮಿಯಾತ್ ತಲೆಯೆತ್ತಿ ಅವಳನ್ನು ನೋಡಿದ. "ಇಬ್ರೂ ಒಪ್ಪಿದ್ರಾ?"

"ಇಬ್ರೂ ಇಲ್ಲ. ನೀವು ಅಚ್ಚು ಹೊಡೀರಿ."

ಸೊಸೆಯಂದಿರು, ಮೊಮ್ಮಕ್ಕಳು, ಸ್ತಾನಾಳ ತಮ್ಮ, ಉಳಿದ ಬಂಧುಬಳಗ. ಪರದೆಯ ಮೇಲೆ ಮೂಡಿದ್ದನ್ನು ಅವಳು ಮೂರು ಸಲ ಓದಿದಳು. ಕರೆಂಟು ಹೋಗುವ ಮುಂಚೆ ನಲವತ್ತು ಪ್ರತಿ ಹೊರಬಿದ್ದವು. ಮಿಯಾತ್ ಒಂದು ಡಬ್ಬಿ ಅಂಟು, ಒಂದು ಕುಂಚ ಕೊಟ್ಟ.

ಮೊದಲನೆಯದನ್ನು ಅವಳು ಬೇರೆಲ್ಲೂ ಹಚ್ಚಲಿಲ್ಲ. ನೇರ ಸೇತುವೆಯ ನಟ್ಟನಡುವಿನ ದೀಪದ ಕಂಬಕ್ಕೆ ಹೋಗಿ ಅಂಟು ಬಳಿದಳು. ಎರಡೂ ಕಡೆಯವರು ನೋಡುತ್ತಿದ್ದರು. ಸೀಟಿಗಳು ಒಂದೊಂದಾಗಿ ನಿಂತವು. ಚೀಟಿ ಓದದೆ ಇರುವುದು ಆ ಊರಿನವರಿಗೆ ತಿಳಿಯದು. ಈ ತುದಿಯಿಂದ ನಾಲ್ಕು ಜನ ಟೋಪಿ ತೆಗೆದು ಬಂದರು, ಆ ತುದಿಯಿಂದ ಇಬ್ಬರು ಪೊಲೀಸರು. ನಡುವೆ ಬರೀ ಒಂದು ಕಂಬದ ದಪ್ಪ.

ವಿದೋಯೆ ಜನರನ್ನು ಸರಿಸಿಕೊಂಡು ಬಂದ. ಓದಿದ. ಕಿವಿ ಕೆಂಪಾಯಿತು. "ಹೇಳಿದ್ದೆ ತಾನೆ ನಾನು," ಎಂದು ಶುರು ಮಾಡಿದವನು, ಬೆರಳು ಪಟ್ಟಿಯ ಮೇಲೆ ಇಳಿಸುತ್ತ ನಿಂತುಬಿಟ್ಟ. ಮತ್ತೆ ಮೇಲಿನಿಂದ ಓದಿದ.

"ಅಕ್ಕ, ನಿನ್ನ ಹೆಸರೆಲ್ಲಿ?"

"ಏನು?"

"ಮಗಳು ಅಂತ ಸಾಲೇ ಇಲ್ಲ." ಅವನು ಆ ತುದಿಗೆ ತಿರುಗಿ ಗಂಟಲೆತ್ತಿದ. "ಲೋ ರಾದಿಸಾವ್, ಅಕ್ಕನ ಹೆಸರು ಯಾಕೋ ತೆಗೆಸಿದೆ?"

ರಾದಿಸಾವ್ ಗುರಾಣಿ ಹಿಡಿದೇ ದಾಪುಗಾಲಿಟ್ಟು ಬಂದ. ಓದಿದ. "ನಾನ್ಯಾಕೆ ತೆಗೆಸಲಿ? ನಾನು ನನ್ನದು ತೆಗಿ ಅಂದೆ. ನಿಮ್ಮ ಕಡೆಯೋರ ಮಸಲತ್ತು ಇದು."

"ನಮ್ಮ ಕಡೆಯೋರಿಗೆ ಅದೇ ಕೆಲಸ ನೋಡು."

ದರಿಂಕಾ ಇಬ್ಬರ ತೋಳಿನ ನಡುವೆ ತಲೆ ತೂರಿಸಿ ನೋಡಿದಳು. ಹೌದು, ಇಲ್ಲ. ಬೆಳಗಿನಿಂದ ಎರಡು ಹೆಸರಿನ ಹಿಂದೆ ಓಡಿ, ಮೂರು ಸಲ ಓದಿ, ಮೂರನೆಯದು ನೆನಪೇ ಆಗಿರಲಿಲ್ಲ. ಪಟ್ಟಿ ಬರೆದವಳು ತಾನೇ.

"ನಾನೇ ಮರ್ತೆ," ಎಂದಳು. ನಗು ಬಂತು. ಬೆಳಗಿನಿಂದ ಬಾರದ ಅಳುವೂ ಅದರ ಹಿಂದೆಯೇ ಬಂತು. ಅಂಟು ಹತ್ತಿದ ಕೈಯಿಂದಲೇ ಮುಖ ಮುಚ್ಚಿಕೊಂಡಳು.

ವಿದೋಯೆ ಜೇಬಿನಿಂದ ಪೆನ್ನು ತೆಗೆದು, ಅವಳ ಕಂಕುಳಲ್ಲಿದ್ದ ಕಟ್ಟನ್ನು ಎಳೆದುಕೊಂಡ. ಒಂದನ್ನು ತೊಡೆಯ ಮೇಲಿಟ್ಟು ಬರೆಯಹೋದರೆ ಕಾಗದ ತೂತಾಯಿತು.

"ಹಾಗಲ್ಲ," ಎಂದ ರಾದಿಸಾವ್. ಗುರಾಣಿಯನ್ನು ಮಗುಚಿ ಎರಡು ಕೈಯಲ್ಲಿ ಮೇಜಿನಂತೆ ಅಡ್ಡ ಹಿಡಿದ. "ಇದರ ಮೇಲೆ ಬರಿ. ನೆಟ್ಟಗೆ ಬರಿ, ನಿನ್ನ ಪೇಪರ್ ತಿದ್ದೋ ಕೋಳಿಕಾಲು ಅಕ್ಷರ ಬೇಡ."

"ಅಲ್ಲಾಡಿಸಬೇಡ ನೀನು ಮೊದಲು."

ಮೊಮ್ಮಕ್ಕಳ ಸಾಲಿನ ಮೇಲೆ ಇಕ್ಕಟ್ಟಿನಲ್ಲಿ ಅವನು ಬರೆದ: ಮಗಳು ದರಿಂಕಾ. ಇನ್ನೊಂದು. ಮತ್ತೊಂದು. ಎರಡೂ ತುದಿಯ ಜನ ಕಾಯುತ್ತಿದ್ದರು. ಹತ್ತನೆಯದಕ್ಕೆ ಶಾಯಿ ಕೈಕೊಟ್ಟಿತು. ಓದಲು ಬಂದಿದ್ದ ಇನ್ನೊಬ್ಬ ಪೊಲೀಸ್ ತನ್ನ ಪೆನ್ನು ಕೊಟ್ಟ. ಇಪ್ಪತ್ತರ ಹೊತ್ತಿಗೆ ರಾದಿಸಾವ್‌ನ ತೋಳು ನಡುಗತೊಡಗಿತು.

"ಇಳಿಸು ಸ್ವಲ್ಪ."

"ಬರಿ, ಬರಿ."

ಮುಗಿದ ಮೇಲೆ ವಿದೋಯೆ ಕಂಬದ ಮೇಲಿನ ಹಸಿ ಚೀಟಿಗೂ ಹೆಸರು ಸೇರಿಸಿದ. ಶಾಯಿ ಅಂಟಿನಲ್ಲಿ ಸ್ವಲ್ಪ ಹರಡಿತು. ರಾದಿಸಾವ್ ಗುರಾಣಿಯನ್ನು ಮತ್ತೆ ಎಡಗೈಗೆ ಸಿಕ್ಕಿಸಿಕೊಂಡು, ಎಲ್ಲೋ ನೋಡುತ್ತ ಕೇಳಿದ: "ನಾಳೆ ಎಷ್ಟು ಗಂಟೆಗೆ?"

"ಮೇಲೇ ಬರೆದಿದೆ. ಹತ್ತಕ್ಕೆ."

"ಸಾಲಲ್ಲಿ ಮೊದಲು ನಾನು ನಿಲ್ಲಬೇಕು."

"ನಿಲ್ಲು. ನಿನ್ನ ದಾಟ್ಕೊಂಡು ಬಂದೋರ ಕೈ ನಾನು ಹಿಡಿಯಲ್ಲ. ಹೋಗಿ ಹೇಳ್ತೀನಿ ನಮ್ಮೋರಿಗೆ."

ಇಬ್ಬರೂ ತಂತಮ್ಮ ತುದಿಗೆ ನಡೆದರು. ಸ್ವಲ್ಪ ಹೊತ್ತಿಗೆ ಈ ಕಡೆ ಒಂದು ಸೀಟಿ ಕೂಗಿತು, ಆ ಕಡೆ ಗುರಾಣಿಗಳು ಒಂದಕ್ಕೊಂದು ತಾಗಿ ಸಾಲಾದವು. ದರಿಂಕಾ ಅಂಟಿನ ಡಬ್ಬಿ ಎತ್ತಿಕೊಂಡಳು. ಮೂವತ್ತೊಂಬತ್ತು ಚೀಟಿ ಬಾಕಿಯಿತ್ತು, ಒಂದು ತೂತುಬಿದ್ದದ್ದು ಸೇರಿ. ಅದನ್ನು, ಎರಡು ಥರ ಹಾಕಿಕೊಡ್ಲಾ ಎಂದಿದ್ದ ಮಿಯಾತನ ಅಂಗಡಿಯ ಬಾಗಿಲಿಗೆ ಹಚ್ಚುವುದೆಂದು ಅವಳು ಆಗಲೇ ನಿಶ್ಚಯಿಸಿದ್ದಳು.