ಬಾನಿಯಲ್ಲಿ ಮೀನಿನ ಹುರುಪೆ

ಹಂದಿಯ ಬಾನಿ ತೊಳೆಯಲು ಬಗ್ಗಿದ ಗುನ್ವೋರ್‌ಗೆ ತಳದಲ್ಲಿ ಏನೋ ಮಿನುಗಿದ್ದು ಕಂಡಿತು. ಉಗುರಿನಿಂದ ಕೆರೆದು ನೋಡಿದಳು. ಮೀನಿನ ಹುರುಪೆ. ಹಂದಿಗೆ ಮೀನು ಹಾಕುವುದನ್ನು ಅವಳು ಆಗಲೇ ನಿಲ್ಲಿಸಿದ್ದಳು.

ಉತ್ತರ ನಾರ್ವೆಯ ಆ ಪುಟ್ಟ ದ್ವೀಪದಲ್ಲಿ ಹಂದಿ ಬೇಸಿಗೆಯೆಲ್ಲ ಬೆಳೆಯುವುದು ಮೀನಿನ ಮೇಲೆಯೇ. ಗಂಡಸರು ಸೀಳಿ ಉಳಿಸಿದ ತಲೆ, ಕರುಳು, ಜೊತೆಗೆ ಅಡುಗೆಮನೆಯ ಕಲಗಚ್ಚು, ಎಲ್ಲವನ್ನೂ ಕುದಿಸಿ ಸುರಿದರೆ ಮರಿ ನೋಡನೋಡುತ್ತ ಉದ್ದವಾಗುತ್ತದೆ. ಆದರೆ ಆಲೂಗಡ್ಡೆ ಅಗೆಯುವ ಹೊತ್ತಿಗೆ ಮೀನು ನಿಲ್ಲಲೇಬೇಕು. ಅಲ್ಲಿಂದ ಕ್ರಿಸ್‌ಮಸ್‌ವರೆಗೆ ಬೇಯಿಸಿದ ಆಲೂಗಡ್ಡೆ, ಬಾರ್ಲಿ ಹಿಟ್ಟು, ಕೆನೆ ತೆಗೆದ ಹಾಲು ಇಷ್ಟೇ. ಹಂದಿ ಕೊನೆಗೆ ತಿಂದದ್ದರ ವಾಸನೆಯೇ ಅದರ ಕೊಬ್ಬಿನಲ್ಲಿ ಉಳಿಯುವುದು.

ಕಳೆದ ವರ್ಷ ಅತ್ತೆ ಒಲಾವಾ ಬಕೆಟ್ಟನ್ನು ಸೊಸೆಯ ಕೈಗೆ ಕೊಟ್ಟು, "ಇನ್ನು ನೀನೇ ನೋಡ್ಕೊ, ನನ್ನ ಸೊಂಟ ಕೇಳಲ್ಲ" ಎಂದಿದ್ದಳು. ಗುನ್ವೋರ್ ಹೊತ್ತಿಗೆ ಸರಿಯಾಗಿ ಮೀನು ನಿಲ್ಲಿಸಿದ್ದಳು. ಆದರೂ ಹಬ್ಬದ ಪಕ್ಕೆಲುಬನ್ನು ಬಾಯಿಗಿಟ್ಟವರೆಲ್ಲ ಮುಖ ಮುಖ ನೋಡಿಕೊಂಡರು. ಮಾಂಸ ಮೀನೆಣ್ಣೆ ನಾರುತ್ತಿತ್ತು. ಗಂಡನ ಅಕ್ಕ ಯೊರುನ್, "ಇದು ಕೊಟ್ಟಿಗೆಯಿಂದ ಬಂತೋ, ಸಮುದ್ರದಿಂದ ಈಜ್ಕೊಂಡು ಬಂತೋ?" ಎಂದಳು. ಆ ಮಾತು ದೋಣಿಯಿಂದ ದೋಣಿಗೆ ದಾಟಿ, ಅಂಗಡಿಗೆ ಹೋದರೂ ಚರ್ಚಿಗೆ ಹೋದರೂ ಗುನ್ವೋರಳಿಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು. ಈ ಕ್ರಿಸ್‌ಮಸ್‌ಗೂ ಯೊರುನ್ ಸಂಸಾರ ಸಮೇತ ಬರುವವಳಿದ್ದಳು. ಇನ್ನೊಂದು ಸಲ ಹಾಗಾದರೆ ಆ ಹೆಸರು ಸಾಯುವ ತನಕ ಅಂಟಿಕೊಳ್ಳುತ್ತಿತ್ತು.

ಬೆಕ್ಕಿನ ಕೆಲಸವೋ, ಐದು ವರ್ಷದ ಮಗಳು ಸಿಗ್ನೆಯ ಆಟವೋ ಎಂದುಕೊಂಡು ಗುನ್ವೋರ್ ಕಣ್ಣಿಟ್ಟಳು. ಹಂದಿಗೂ ಹೊಸ ಊಟ ಹಿಡಿಸಿರಲಿಲ್ಲ. ಆಲೂಗಡ್ಡೆಯನ್ನು ಮೂತಿಯಿಂದ ತಳ್ಳಿ, ದ್ವೀಪಕ್ಕೆಲ್ಲ ಕೇಳುವಂತೆ ಅರಚುತ್ತಿತ್ತು.

ಮರುದಿನ ಮಧ್ಯಾಹ್ನ ಬಟ್ಟೆ ಒಣಹಾಕುವಾಗ ಕಂಡಿತು. ಗಂಡಸರು ದೋಣಿ ನಿಲ್ಲಿಸಿ ಮೀನು ಸೀಳುವ ದೋಣಿಮನೆಯಿಂದ ಒಲಾವಾ ಬರುತ್ತಿದ್ದಳು. ಏಪ್ರನ್ನಿನ ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಅದರೊಳಗೆ ಮೀನಿನ ತಲೆಗಳು.

"ಬಂದೆ ಬಂದೆ, ಅಳ್ಬೇಡ. ನಿಂಗೆ ಯಾರೂ ಹಾಕೇ ಇಲ್ವಾ ಕಂದ?" ಎನ್ನುತ್ತಿದ್ದಳು ಹಂದಿಗೆ.

ಗುನ್ವೋರ್ ಒದ್ದೆ ಹೊದಿಕೆಯನ್ನು ಅಲ್ಲೇ ಬಿಟ್ಟು ಓಡಿದಳು. ಕಳೆದ ವರ್ಷದ ಅವಮಾನವೆಲ್ಲ ನಾಲಿಗೆಯ ತುದಿಗೆ ಬಂದಿತ್ತು. "ಅತ್ತೆ! ಮೀನು ನಿಲ್ಲಿಸಿದೀವಲ್ಲ!"

"ಯಾಕೆ ನಿಲ್ಲಿಸ್ತಾರೆ? ಬೇಸಿಗೇಲಿ ಮೀನಲ್ದೆ ಇನ್ನೇನು ಹಾಕ್ತಾರೆ?"

ಗುನ್ವೋರ್ ಬೇಲಿಯ ಕಡೆ ನೋಡಿದಳು. ಬೇಲಿಯಾಚೆಯ ಮರ ಎಲೆಯೆಲ್ಲ ಉದುರಿಸಿ ನಿಂತಿತ್ತು. ಸೊಸೆಯ ಕಣ್ಣು ಹೋದಲ್ಲಿಗೆ ಒಲಾವಳ ಕಣ್ಣೂ ಹೋಯಿತು. ಮರವನ್ನೂ ತನ್ನ ಏಪ್ರನ್ನನ್ನೂ ಮತ್ತೆ ಮತ್ತೆ ನೋಡಿದಳು. ದಾರಿ ತಪ್ಪಿದ ಮಗುವಿನಂತೆ ಸೊಸೆಯ ಕಡೆ ತಿರುಗಿದಳು.

"ಪೇಡರ್‌ಗೆ ಹೇಳ್ತೀಯಾ?"

ಪೇಡರ್ ಅವಳ ಮಗ, ಗುನ್ವೋರಳ ಗಂಡ.

ನಾಲಿಗೆಯ ತುದಿಗೆ ಬಂದದ್ದನ್ನು ಗುನ್ವೋರ್ ನುಂಗಿಕೊಂಡಳು. "ಏನಂತ ಹೇಳ್ಲಿ? ಕೊಡಿ ಇಲ್ಲಿ, ಬೆಕ್ಕಿಗಾಯ್ತು" ಎಂದು ಮೀನಿನ ತಲೆಗಳನ್ನು ತನ್ನ ಏಪ್ರನ್ನಿಗೆ ಸುರಿದುಕೊಂಡಳು.

ದೋಣಿಮನೆಗೆ ಬೀಗ ಹಾಕಬಹುದಿತ್ತು. ಆದರೆ ಆ ದ್ವೀಪದಲ್ಲಿ ಯಾವ ಬಾಗಿಲಿಗೂ ಬೀಗವಿರಲಿಲ್ಲ. ಹಾಕಿದ ದಿನವೇ ಯಾಕೆಂದು ಜನ ಕೇಳುತ್ತಾರೆ. ಮುಚ್ಚಿದ ಬಾಗಿಲಿನ ಮುಂದೆ ಅತ್ತೆ ಮೀನು ಹುಡುಕುತ್ತ ನಿಲ್ಲುವುದನ್ನು ಗುನ್ವೋರ್‌ಗೆ ಊಹಿಸಿಕೊಳ್ಳಲೂ ಆಗಲಿಲ್ಲ. ಒಲೆಯ ಪಕ್ಕ ಕುರ್ಚಿ ಎಳೆದು, ಬೆಂದ ಆಲೂಗಡ್ಡೆಯ ಬಕೆಟ್ಟನ್ನೂ ಮರದ ಕಡೆಗೋಲನ್ನೂ ಅವಳ ಮುಂದಿಟ್ಟಳು.

"ನನ್ನ ಕೈಯಲ್ಲಿ ಅದು ತಿಂತಿಲ್ಲ ಅತ್ತೆ. ನೀವೇ ಕಲಸ್ಕೊಡಿ."

ಒಲಾವಾ ಅಂಗಿಯ ತೋಳು ಮಡಚಿ, ಬಿಸಿ ನೋಡಲು ಬಕೆಟ್ಟಿನೊಳಗೆ ಮೊಣಕೈ ಅದ್ದಿದಳು. "ತಣ್ಣಗಿದೆಯಲ್ಲೇ ಪುಣ್ಯಾತ್ಗಿತ್ತಿ! ಸಿಗ್ನೆಗೂ ಹೀಗೇ ಹಾಕ್ತೀಯಾ? ತಾ ಇಲ್ಲಿ ಹಾಲು, ಬಿಸಿ ಮಾಡಿ ತಾ."

ಬಿಸಿ ಹಾಲು ಬಿತ್ತು, ಬಾರ್ಲಿ ಹಿಟ್ಟು ಬಿತ್ತು. ಗಂಟಿಲ್ಲದಂತೆ ಮಸೆದು, ಇಬ್ಬರೂ ಹಿಡಿಕೆಯ ಒಂದೊಂದು ಕಡೆ ಹಿಡಿದು ಬಕೆಟ್ಟನ್ನು ಹೊತ್ತೊಯ್ದರು. ಹಂದಿ ಮೊದಲು ಮೂಸಿತು. ಆಮೇಲೆ ಒಂದು ಬಾಯಿ. ಆಮೇಲೆ ಕಿವಿ ಮುಳುಗುವ ತನಕ ಮೂತಿ ಇಳಿಸಿತು. ಅರಚಾಟ ನಿಂತಿತು.

"ನೋಡ್ದೇನೆ? ಹೊಟ್ಟೆಗೆ ಹಿತವಾಗಿದ್ರೆ ಯಾಕೆ ಅಳತ್ತೆ" ಎಂದಳು ಒಲಾವಾ. ಅವಳ ಮುಖದಲ್ಲಿ ಬಹಳ ದಿನದ ಮೇಲೆ ನಗು ಕಂಡಿತು.

ಮಂಜು ಬೀಳತೊಡಗಿದ ಮೇಲೂ ಕೆಲವು ಮಧ್ಯಾಹ್ನ ಅವಳ ಕಾಲು ತಾನಾಗಿ ದೋಣಿಮನೆಯ ಕಡೆ ತಿರುಗುತ್ತಿತ್ತು. ಆಗ ಗುನ್ವೋರ್ ಕಿಟಕಿ ತೆರೆದು ಕೂಗುತ್ತಿದ್ದಳು: "ಅತ್ತೆ, ಆಲೂಗಡ್ಡೆ ಬೆಂದಿದೆ!" ಅವಳು ಹಿಂದಿರುಗುತ್ತಿದ್ದಳು. ಮಸೆಯುತ್ತ ಕೂತಾಗ ಗುನ್ವೋರ್ ದಿನವೂ ಹೇಳುತ್ತಿದ್ದಳು: "ಮೀನು ಬೇಡ ಅತ್ತೆ, ಕ್ರಿಸ್‌ಮಸ್ ಬರ್ತಿದೆ." ಒಲಾವಾ ದಿನವೂ ಅದನ್ನು ಹೊಸದಾಗಿ ಕೇಳಿದವಳಂತೆ, "ಹೌದಾ? ಸರಿ ಹಾಗಾದ್ರೆ" ಎನ್ನುತ್ತಿದ್ದಳು. ತನ್ನ ಕಣ್ಣಿಗೆ ಬೀಳದೆ ಅತ್ತೆ ದೋಣಿಮನೆಗೆ ಹೋದ ಮಧ್ಯಾಹ್ನಗಳು ಎಷ್ಟಿದ್ದವೋ, ಗುನ್ವೋರ್‌ಗೂ ತಿಳಿಯದು.

ಹಂದಿ ಕೊಯ್ದ ದಿನ ಬೆನ್ನಿನ ಕೊಬ್ಬು ಬೆಳ್ಳಗೆ, ಗಟ್ಟಿಯಾಗಿತ್ತು. ಆದರೂ ಒಂದು ಚೂರನ್ನು ಕಾಯಿಸಿ ಮೂಸಿ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

ಹಬ್ಬದ ಸಂಜೆ ಎಲ್ಲರೂ ಮೇಜಿನ ಸುತ್ತ ಕೂತರು. ಗರಿಗರಿ ಚರ್ಮದ ಪಕ್ಕೆಲುಬು ನಡುವೆ ಬಂತು. ಯೊರುನ್ ಮುಳ್ಳುಚಮಚ ಎತ್ತಿ, "ಈ ಸಲ ಗಾಳ ತರ್ಬೇಕಿತ್ತಾ, ಚಾಕು ಸಾಕಾ?" ಎಂದಳು. ಪೇಡರ್ ನಕ್ಕ. ಗುನ್ವೋರ್ ತಟ್ಟೆ ನೋಡುತ್ತ ಕೂತಳು.

ಯೊರುನ್ ಅಗಿದಳು. ನಗು ನಿಂತಿತು. ಇನ್ನೊಂದು ತುಂಡು ಕತ್ತರಿಸಿಕೊಂಡಳು, ಕೇಳದೆಯೇ. "ಅಂತೂ ಕಲಿತೆ ಬಿಡು, ಗುನ್ವೋರ್. ಹೋದ ವರ್ಷ ಏನಾಗಿತ್ತು ನಿಂಗೆ?"

ಹೇಳಿಬಿಟ್ಟರೆ ಒಂದು ವರ್ಷದ ಹೊರೆ ಇಳಿಯುತ್ತಿತ್ತು. ಎದುರಿಗೆ ಒಲಾವಾ ಸಿಗ್ನೆಗೆ ಆಲೂಗಡ್ಡೆ ಹಿಸುಕಿ ಕೊಡುತ್ತಿದ್ದಳು.

"ಈ ಕೆಲಸಕ್ಕೆ ಹೊಸಬಳಲ್ವಾ, ತಿಳೀಲಿಲ್ಲ" ಎಂದಳು ಗುನ್ವೋರ್. "ಈ ಸಲ ಅತ್ತೆ ಹೇಳ್ಕೊಟ್ರು."

ಅತ್ತೆ ಎಂದದ್ದು ಕೇಳಿ ಒಲಾವಾ ತಲೆಯೆತ್ತಿದಳು. ತಟ್ಟೆಯಲ್ಲಿ ಕೊನೆಗೆಂದು ಉಳಿಸಿಕೊಂಡಿದ್ದ ಗರಿಗರಿ ತುಂಡನ್ನು ಸೊಸೆಯ ತಟ್ಟೆಗೆ ಹಾಕಿ, ಅವಳ ಕಡೆ ಬಾಗಿದಳು.

"ಹಂದಿಗೆ ಹಾಕಿದ್ಯೇನೆ?"

ಯೊರುನಳ ಚಾಕು ನಿಂತಿತು. ಪೇಡರ್ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಹಾಕಿದೆ ಅತ್ತೆ. ಹೊಟ್ಟೆ ತುಂಬ ತಿಂತು."

"ಮೀನು ಮಾತ್ರ ಬೇಡ ಕಣೆ" ಎಂದಳು ಒಲಾವಾ, ಗುಟ್ಟು ಹೇಳುವವಳಂತೆ. "ಕ್ರಿಸ್‌ಮಸ್ ಬರ್ತಿದೆ."

"ಇಲ್ಲ ಅತ್ತೆ, ಹಾಕಲ್ಲ" ಎಂದು ಗುನ್ವೋರ್ ಅವಳು ಕೊಟ್ಟ ತುಂಡನ್ನು ಬಾಯಿಗಿಟ್ಟುಕೊಂಡಳು.