ಕರಿಬಸಪ್ಪನವರ ಗದ್ಯ

"ಸ… ಸಸ್ಯದ ಬೇ… ಬೇ…"

"ಬೇರು," ಎಂದರು ಕರಿಬಸಪ್ಪ.

ಮಗಳ ಮಾತು ಸಿಕ್ಕಿಕೊಂಡಾಗಲೆಲ್ಲ ಮುಗಿಸಿಕೊಡುವುದು ಅವರ ಹಳೆಯ ಚಾಳಿ. ಪ್ರೀತಿಯಿಂದಲೇ ಮಾಡುತ್ತಿದ್ದರು, ಪಾಪ. ಅವರು ಮುಗಿಸಿಕೊಟ್ಟಷ್ಟೂ ನೀಲಮ್ಮನ ಮಾತು ಇನ್ನಷ್ಟು ಒಳಗೆ ಸರಿಯುತ್ತಿತ್ತು.

ಮರುದಿನ ಲಿಂಗಸುಗೂರಿನಲ್ಲಿ ಅವಳ ಟಿ.ಸಿ.ಎಚ್. ಪರೀಕ್ಷೆ. ಪರೀಕ್ಷಕರ ಎದುರಿಗೆ ನಾಲ್ಕನೆಯ ತರಗತಿಯ ಮಕ್ಕಳಿಗೆ ಪಾಠ ಮಾಡಿ ತೋರಿಸಬೇಕು. ಹೋದ ವರ್ಷ ಬೋರ್ಡಿನ ಮುಂದೆ ಬಾಯಿ ಬಿಡಲಾಗದೆ ಅತ್ತು ಬಂದಿದ್ದಳು. ಈ ಸಲವೂ ಹಾಗೇ ಆದರೆ ಟೀಚರಾಗುವ ಆಸೆಗೆ ಎಳ್ಳುನೀರು ಬಿಟ್ಟಂತೆಯೇ.

ಕರಿಬಸಪ್ಪ ಮಸ್ಕಿಯಲ್ಲಿ ವಿಜ್ಞಾನದ ಮಾಸ್ತರು. ಅವರಿಗೆ ಕಿಂಚಿತ್ತೂ ಹಿಡಿಸದ್ದೆಂದರೆ ಹಾಡು. "ಹಾಡಿನ್ಯಾಗ ಬಂದ ಮಾತಿಗೆ ಯಾರೂ ಪುರಾವೆ ಕೇಳಂಗಿಲ್ಲ. ಅದಕ್ಕ ಸುಳ್ಳು ಹೇಳಾವ್ರೆಲ್ಲ ಹಾಡ್ತಾರ" ಎನ್ನುತ್ತಿದ್ದರು. ಓಣಿಗೆ ಭಜನೆ ಬಂದರೆ ಕಿಟಕಿ ಮುಚ್ಚುತ್ತಿದ್ದರು. ವಿಚಾರವೆಂದರೆ ನೆಟ್ಟಗೆ ಗದ್ಯದಲ್ಲಿ ಬರಬೇಕು; ಕಾರಣ ಮೊದಲು, ಪರಿಣಾಮ ಆಮೇಲೆ. ಹಾಗೆ ಬಾರದ್ದನ್ನು ಅವರು ವಿಚಾರವೆಂದೇ ಒಪ್ಪುತ್ತಿರಲಿಲ್ಲ.

ಅವತ್ತು ಅವರ ಶಾಲೆಯ ಡ್ರಾಯಿಂಗ್ ಮಾಸ್ತರು ಜಿಲಾನಿಸಾಬ್ ಚಹಾಕ್ಕೆ ಬಂದಿದ್ದರು. ಹುಡುಗಿಯ ಪಾಡು ನೋಡಲಾಗಲಿಲ್ಲ.

"ಮಾಸ್ತರ, ಮೊಹರಂನ್ಯಾಗ ನಮ್ಮೂರು ಮುದಗಲ್ಲಿಗೆ ಬಂದಾಗ ನೀಲವ್ವ ನಮ್ಮನಿ ಹೆಣ್ಮಕ್ಕಳ ಜೋಡಿ ಪದ ಹಾಡಿದ್ಲಲ್ಲ, ಒಂದಕ್ಷರ ತಡೀಲಿಲ್ಲ. ಪಾಠಾನೂ ಹಂಗ ಚಪ್ಪಾಳಿ ಹಾಕಿ ಹೇಳಲಿ."

"ಗುಂಪಿನ್ಯಾಗ ಒಬ್ಬಾಕಿ ತಡದ್ರ ಯಾರಿಗೆ ಕೇಳತೈತಿ?"

"ನಾ ಬಾಜೂಕ ಇದ್ದೆ, ಮಾಸ್ತರ."

"ಬೇರು ನೀರು ಹೀರೋದು ವಿಜ್ಞಾನ, ಸಾಬ್ರ. ಮೊಹರಂ ಪದ ಅಲ್ಲ."

"ಅಪ್ಪಾ, ನಂ… ನಂಗೂ…" ಎಂದಳು ನೀಲಮ್ಮ.

"ನಂಗೂ ಅದ ಸರಿ ಅನಸತೈತಿ," ಎಂದು ಮುಗಿಸಿದರು ಕರಿಬಸಪ್ಪ. ಜಿಲಾನಿಸಾಬ್ ಲೋಟದಲ್ಲಿ ಮುಖ ಮರೆಸಿಕೊಂಡರು.

ಮರುದಿನ ಅಪ್ಪ ಮಗಳು ಮುಂಜಾನೆಯ ಬಸ್ಸಿಗೆ ಹೋದರು. ಕರಿಬಸಪ್ಪ ತರಗತಿಯ ಹೊರಗೆ, ಕಿಟಕಿಯ ಪಕ್ಕ ಗೋಡೆಗೆ ಆತು ನಿಂತರು. ಒಳಗೆ "ಸ… ಸ…" ಎಂಬುದು ಕೇಳಿತು. ಒಂದು ಮಗು ಕಿಸಕ್ಕನೆ ನಕ್ಕಿತು. "ಸಸ್ಯ, ನನ್ನವ್ವ, ಸಸ್ಯ" ಎಂದು ಇವರು ಗೋಡೆಗೆ ಹೇಳಿದರು. ಅದು ಒಳಗೆ ಮುಟ್ಟುವುದಾದರೂ ಹೇಗೆ? ಆಮೇಲೆ ಏನೂ ಕೇಳಿಸಲಿಲ್ಲ.

ಅಷ್ಟರಲ್ಲಿ ಒಂದು ಚಪ್ಪಾಳೆ. ಅದರ ಹಿಂದೆ ಇನ್ನೊಂದು.

"ಬೇರು ಏನ ಕುಡಿತೈತಿ?"

"ನೀರು ಕುಡಿತೈತಿ!" ಮಕ್ಕಳು ಕೂಗಿದವು.

"ಕುಡಿದ ನೀರು ಎಲ್ಲಿಗೇರತೈತಿ?"

"ಕಾಂಡಕ್ಕ ಏರತೈತಿ!"

ಮೊಹರಂ ಪದದ್ದೇ ಧಾಟಿ. 'ಕೆಟ್ಟಿತು' ಎಂದುಕೊಂಡರು ಕರಿಬಸಪ್ಪ. ಮಾಸ್ತರಿಕೆ ಎಲ್ಲಿ ಬಿಟ್ಟೀತು, ಕಿವಿಗೊಟ್ಟು ತಪ್ಪು ಹುಡುಕಿದರು. ಬೇರಿನಿಂದ ಕಾಂಡ, ಕಾಂಡದಿಂದ ಎಲೆ. ಕಾರಣ ಮೊದಲು, ಪರಿಣಾಮ ಆಮೇಲೆ. ಒಂದೂ ತಪ್ಪಿರಲಿಲ್ಲ. ಒಂದಕ್ಷರವೂ ತಡೆದಿರಲಿಲ್ಲ. ಇಷ್ಟು ಉದ್ದದ ಮಾತು ಮಗಳ ಬಾಯಿಂದ ಅವರು ಹುಟ್ಟಾ ಕೇಳಿರಲಿಲ್ಲ. ಎಷ್ಟು ಚೆಂದದ ದನಿ ಇತ್ತು ಅವಳದು! ಕರಿಬಸಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು.

ಪಾಠ ಮುಗಿದ ಮೇಲೆ ಪರೀಕ್ಷಕರು ನಗುತ್ತ ಹೊರಗೆ ಬಂದರು. "ನಿಮ್ಮ ಮಗಳೇನ್ರಿ? ಮಕ್ಕಳು ಆಕಿನ್ನ ಬಿಡವಲ್ರು. ಚಿಂತಿ ಬಿಡ್ರಿ, ಪಾಸಾದ್ಲು."

ಇಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆದರು. ಮಸ್ಕಿ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತಾಗ ನೀಲಮ್ಮ ಬಾಯಿ ತೆರೆದಳು.

"ಅಪ್ಪಾ, ನಿ… ನಿ…"

ಕರಿಬಸಪ್ಪ ಅತ್ತ ಇತ್ತ ನೋಡಿದರು. ಜನ ಗಿಜಿಗುಡುತ್ತಿತ್ತು. ಗಂಟಲು ಸರಿಮಾಡಿಕೊಂಡು, ಅಂಜುತ್ತ ಒಂದು ಚಪ್ಪಾಳೆ ತಟ್ಟಿ, ಒಡಕು ದನಿಯಲ್ಲಿ ಎಳೆದರು: "ಏನ ಹೇಳಾಕತ್ತೀ… ಹೇಳ ನನ್ನವ್ವಾ…"

ಕಡಲೆಕಾಯಿ ತಿನ್ನುತ್ತಿದ್ದವರು ಬಾಯಲ್ಲಿ ಕೈಯಿಟ್ಟಂತೆಯೇ ತಿರುಗಿ ನೋಡಿದರು. ನೀಲಮ್ಮ ಅಪ್ಪನ ಮುಖ ನೋಡಿದಳು. ಆಮೇಲೆ ತಾನೂ ಒಂದು ಚಪ್ಪಾಳೆ ತಟ್ಟಿದಳು.

"ನಿನಗ ಹಾಡಾಕ ಬರಂಗಿಲ್ಲಪ್ಪಾ!"