ಸಡಿಲಿಸಿದ ಬೆಲ್ಟು

ನೆತ್ತಿಯ ಮೇಲೆ ಇರುವೆ ಹರಿದ ಹಾಗೆ, ಅಂದರೆ ಮಾತ್ರೆ ಹಿಡಿಯಿತು, ಕೂತರೆ ಇಳಿದುಹೋಗುವ ಬಿಪಿ ಏರುತ್ತಿದೆ, ಇನ್ನು ಗಾಲಿಕುರ್ಚಿಯಲ್ಲಿ ಕೂರಿಸಬಹುದು — ಕತ್ತಿನ ಕೆಳಗೆ ಏನೂ ಗೊತ್ತಾಗದವನಿಗೆ ಈ ತುರಿಕೆಯೂ ಒಂದು ಸುದ್ದಿ, ಕೆರೆದುಕೊಳ್ಳಲು ಕೈ ಏಳುವುದಿಲ್ಲ ಅಷ್ಟೇ. ಏನ್ ಯಜಮಾನ್ರೇ, ಮದುಮಗನ ಹಾಗೆ ಹೊಸ ಶರ್ಟು, ಫಿಸಿಯೋ ಹುಡುಗಿ ನಗುತ್ತಾಳೆ, ಹೆಂಡತಿ ಬರ್ತಾಳೆ ಕಣಮ್ಮ ಅಂದೆ, ತವರಿಗೆ ಹೋದವಳು ಇವತ್ತು ಬರ್ತಾಳೆ, ಇರ್ತಾಳೋ ಬಿಟ್ಟುಹೋಗ್ತಾಳೋ ಕೇಳಬೇಕು, ಮಲಗಿಕೊಂಡು ಕೇಳುವ ಮಾತಲ್ಲ ಅದು, ಮಲಗಿದವನು ಏನು ಕೇಳಿದರೂ ಭಿಕ್ಷೆ ಬೇಡಿದ ಹಾಗೆ. ಕಾಲಿಗೆ ಬಿಗಿ ಸಾಕ್ಸು, ಹೊಟ್ಟೆಗೆ ಅಗಲ ಬೆಲ್ಟು, ಕೂತಾಗ ರಕ್ತವೆಲ್ಲ ಕೆಳಗಿಳಿದು ನಿಲ್ಲದಿರಲಿ ಅಂತ, ಆದರೆ ಬೆಲ್ಟಿನ ಮೇಲೆ ಶರ್ಟಿನ ಗುಂಡಿ ಕೂರುತ್ತಿಲ್ಲ, ಫಿಸಿಯೋ ಆಚೆ ಹೋದಾಗ ಸ್ವಲ್ಪ ಸಡಿಲ ಮಾಡಮ್ಮ ಅಂದೆ, ಬೇಡ ಕಣೋ ಬೇಡ ಅನ್ನುತ್ತಲೇ ಅಮ್ಮ ಸಡಿಲಿಸಿದಳು, ಗುಂಡಿ ಕೂತಿತು, ನಾನೂ ಕೂತೆ. ಮೂರನೇ ಮಹಡಿಯ ಹಲಗೆ ಮೇಲೆ ನಿಂತು ಬಣ್ಣ ಬಳಿಯುತ್ತ ಬೀಡಿ ಹಚ್ಚಿದವನು ನಾನು, ಹಗ್ಗ ಹರಿದು ಬಿದ್ದವನೇ ಹೊರತು ತಲೆಸುತ್ತಿ ಬಿದ್ದವನಲ್ಲ, ಈಗ ಕುರ್ಚಿಯ ಎತ್ತರಕ್ಕೆ ತಲೆ ಸುತ್ತುತ್ತದೆ, ನಗಬೇಕಷ್ಟೆ — ಬಂದಳು, ಸ್ಟೂಲು ಎಳೆದುಕೊಂಡು ಎದುರು ಕೂತಳು, ಅವಳ ಕಣ್ಣು ನನ್ನ ಕಣ್ಣಿನ ಮಟ್ಟಕ್ಕೆ ಬಂದು ಎಷ್ಟು ಕಾಲವಾಯಿತು, ಹಾಸಿಗೆಯಿಂದ ಕಂಡಿದ್ದೆಲ್ಲ ಗಲ್ಲದ ಅಡಿ, ಮೂಗಿನ ಹೊಳ್ಳೆ. ಅಣ್ಣ ಗಾಡಿಯಲ್ಲೇ ಕೂತಿದ್ದಾನೆ ಅಂದಳು, ಒಳಗೆ ಬರಲ್ವಂತಾ, ಇಲ್ಲ, ಸರಿ ಬಿಡು, ಕೇಳಿಬಿಟ್ಟೆ, ನನ್ ಜೊತೆ ಇರ್ತೀಯಾ ಇಲ್ವಾ, ನೇರವಾಗಿ ಹೇಳು. ಅವಳು ತನ್ನ ಕೈ ನೋಡಿಕೊಂಡಳು, ಆಮೇಲೆ ನನ್ನನ್ನು, ನೋಡಿ ರೀ, ನಾನು — ಅಷ್ಟರಲ್ಲಿ ಕಿವಿಗೆ ಹತ್ತಿ ತುರುಕಿದ ಹಾಗೆ, ಫ್ಯಾನಿನ ಸದ್ದು ಹೋಯಿತು, ಅವಳ ಸದ್ದು ಹೋಯಿತು, ತುಟಿ ಮಾತ್ರ ಆಡುತ್ತಿದೆ, ಅಳುತ್ತ ಆಡುತ್ತಿದೆ, ತಾಳು, ತಾಳು ಅನ್ನಬೇಕು, ಸುತ್ತಲಿಂದ ಕಪ್ಪು ಕವಿಯುತ್ತಿದೆ, ತುಟಿ —

ಚಾವಣಿ. ಕುರ್ಚಿಯನ್ನು ಹಿಂದಕ್ಕೆ ಬಾಗಿಸಿದ್ದಾರೆ, ಕಾಲು ಮೇಲೆ, ಬೆಲ್ಟು ಯಾರು ಸಡಿಲ ಮಾಡಿದ್ದು ಅಂತ ಫಿಸಿಯೋ ರೇಗುತ್ತಿದ್ದಾಳೆ, ಅಮ್ಮ ಸೆರಗಿನಿಂದ ನನ್ನ ಮುಖ ಒರೆಸುತ್ತಿದ್ದಾಳೆ. ಏನಂದೆ, ಅಂತ ಹೆಂಡತಿಯನ್ನು ಕೇಳಿದೆ. ಹೇಳಿದ್ನಲ್ಲ ರೀ, ಇನ್ನೊಂದ್ಸಲ ಹೇಳೋ ಶಕ್ತಿ ನನಗಿಲ್ಲ. ಕೇಳಿಸಲಿಲ್ಲ ಅಂದರೆ ನಂಬುತ್ತಾಳೋ, ನಾಟಕ ಅಂದುಕೊಳ್ಳುತ್ತಾಳೋ, ಇರ್ತೀನಿ ಅಂದಿರಲೂಬಹುದು, ಇರ್ತೀನಿ ಅನ್ನಲು ಯಾರಾದರೂ ಅಳುತ್ತಾರಾ, ಅಳಬಹುದು, ನನ್ನ ಜೊತೆ ಇರಲು ಅಳಲೇಬೇಕು — ಈಗ ಅವಳೇ ನನ್ನ ಶರ್ಟಿನ ಗುಂಡಿ ಬಿಚ್ಚುತ್ತಿದ್ದಾಳೆ, ಅಮ್ಮನನ್ನು ಹತ್ತಿರ ಕರೆದು, ಕೈ ಹಿಡಿದು, ತೋರಿಸುತ್ತಿದ್ದಾಳೆ, ಪಕ್ಕೆಲುಬಿನ ಕೆಳಗೆ ಬರ್ಬೇಕು ಅತ್ತೆ, ಉಸಿರು ಬಿಟ್ಟಾಗ ಎಳೀರಿ, ಇನ್ನೂ ಬಿಗಿ, ಅವರಿಗೆ ನೋವಾಗಲ್ಲ, ನಾಳೆಯಿಂದ ನೀವೇ ಕಟ್ಬೇಕಲ್ಲ. ನೋವಾಗಲ್ಲ. ಅಮ್ಮ ಎಳೆದು ಬಿಗಿದಳು, ಹೊರಗೆ ಗಾಡಿಯ ಹಾರ್ನ್, ಅವಳ ಚಪ್ಪಲಿ, ಬಾಗಿಲು, ಎಲ್ಲ ಕೇಳಿಸುತ್ತದೆ ಈಗ, ಕಿವಿ ಚೆನ್ನಾಗಿದೆ, ಅದೊಂದು ಮಾತು ಬಿಟ್ಟು — ನಾನು, ಅಂದಳು, ನಾನು, ಆಮೇಲೆ ತುಟಿ, ತುಟಿಯ ಮೇಲೆ ಕಣ್ಣೀರು, ತುಟಿ ಆಡುತ್ತಿದೆ, ಸದ್ದಿಲ್ಲ, ಆಡುತ್ತಿದೆ